ಮಧ್ಯರೇಖೆಗಳ ಗುಣ ಸಾಧಿಸಲು ಯಾವ ದಾರಿ ಹಿಡಿಯಬೇಕು?

ತ್ರಿಭುಜದ ಒಂದು ಶೃಂಗದಿಂದ ಎದುರಿನ ಬಾಹುವಿನ ಮಧ್ಯಬಿಂದುವಿಗೆ ಎಳೆದ ಗೆರೆಗೆ ಮಧ್ಯರೇಖೆ ಎನ್ನುತ್ತೇವೆ. ಇಂಥ ಮೂರೂ ಗೆರೆಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ, ಆ ಬಿಂದು ಪ್ರತಿ ಮಧ್ಯರೇಖೆಯನ್ನೂ ಶೃಂಗದ ಕಡೆಯಿಂದ 2 : 1ರಂತೆ ಒಡೆಯುತ್ತದೆ. ಎಸ್ಸೆಸ್ಸೆಲ್ಸಿ ಹೊತ್ತಿಗೆ ಇದು ಮಕ್ಕಳಿಗೆ ಬಾಯಿಪಾಠ ಆಗಿರುತ್ತದೆ. ಯಾಕೆ ಹಾಗೆ ಎಂದು ಕೇಳಿದರೆ ಮಾತ್ರ ಯಾರೂ ತಲೆ ಎತ್ತುವುದಿಲ್ಲ. ಮಂಡ್ಯದಲ್ಲಿ ಸಂಜೆ ಹೊತ್ತು ಗಣಿತ ಹೇಳಿಕೊಡುವ ನನಗೆ ಈ ಮೌನ ಚೆನ್ನಾಗಿ ಪರಿಚಯ. ಅದು ಮಕ್ಕಳ ದಡ್ಡತನವಲ್ಲ. ಸಾಧನೆಗೆ ನಾಲ್ಕೈದು ದಾರಿಗಳಿವೆ. ಯಾವುದು ಯಾರಿಗೆ ಹೊಂದುತ್ತದೆ ಎಂದು ನೋಡದೆ, ನಮ್ಮ ಕೈಗೆ ಮೊದಲು ಸಿಕ್ಕಿದ್ದನ್ನು ಬೋರ್ಡಿನ ಮೇಲೆ ಬರೆದು ಮುಗಿಸಿಬಿಡುತ್ತೇವೆ.

ಆದ್ದರಿಂದ ಈ ಹೋಲಿಕೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಕಲಿಯುವವರು ವಿಸ್ತೀರ್ಣದ ದಾರಿ ಹಿಡಿಯಲಿ. ಅದೊಂದರಲ್ಲೇ ಕಾರಣ ಕಣ್ಣಿಗೆ ಕಾಣುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗೆ ಸಮರೂಪತೆಯ ದಾರಿ ಅಚ್ಚುಕಟ್ಟು. ಅಂಕಿಗಳನ್ನು ಕೊಟ್ಟು ಬಿಂದು ಹುಡುಕಿ ಎಂದಾಗ ನಿರ್ದೇಶಾಂಕ ಬಿಟ್ಟರೆ ಬೇರೆ ಮಾತಿಲ್ಲ. ಪಿಯುಸಿ ದಾಟಿ ಮುಂದೆ ಓದುವವರು ಸದಿಶವನ್ನೂ (ವೆಕ್ಟರ್) ಸಮತೂಕದ ವಿಧಾನವನ್ನೂ ಕಲಿತಿರಲೇಬೇಕು.

ಎಲ್ಲ ದಾರಿಗಳನ್ನೂ ಒಂದೇ ತ್ರಿಭುಜದ ಮೇಲೆ ಪರೀಕ್ಷಿಸಿದರೆ ಹೋಲಿಕೆ ನ್ಯಾಯವಾಗಿರುತ್ತದೆ. ನಮ್ಮ ಸೀಮೆಗೆ ಒಪ್ಪುವಂತೆ ಮೂರು ಮೂಲೆಯ ಒಂದು ಜಮೀನನ್ನೇ ತೆಗೆದುಕೊಳ್ಳೋಣ. ಮೂಲೆಗಳು ಎ, ಬಿ, ಸಿ. ಬಿಸಿ ಬದುವಿನ ಉದ್ದ 660 ಅಡಿ. ಅದರಿಂದ ಎ ಮೂಲೆಗೆ ನೇರ ಎತ್ತರ 396 ಅಡಿ. 33 ಅಡಿ ಉದ್ದ, 33 ಅಡಿ ಅಗಲದ ಜಾಗ, ಎಂದರೆ 1,089 ಚದರ ಅಡಿ, ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹಾಗಾಗಿ 33 ಅಡಿಯನ್ನೇ ಒಂದು ಸರಪಳಿ ಎಂದು ಹಿಡಿದರೆ ಉತ್ತರ ನೇರವಾಗಿ ಗುಂಟೆಯಲ್ಲೇ ಬರುತ್ತದೆ: ಪಾದ 20 ಸರಪಳಿ, ಎತ್ತರ 12 ಸರಪಳಿ, ವಿಸ್ತೀರ್ಣ 20 × 12 ÷ 2 = 120 ಗುಂಟೆ. ಸರಿಯಾಗಿ 3 ಎಕರೆ. ಬಿಸಿ ಬದುವಿನ ಗುಂಟ, ಕನ್ನಂಬಾಡಿ ಕಟ್ಟೆಯ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಕವಲು ಹರಿಯುತ್ತಿದೆ ಎಂದೂ ಇಟ್ಟುಕೊಳ್ಳೋಣ. ಅದು ಮುಂದೆ ಕೆಲಸಕ್ಕೆ ಬರುತ್ತದೆ.

ಬಿಸಿಯ ಮಧ್ಯಬಿಂದು ಡಿ, ಸಿಎಯ ಮಧ್ಯಬಿಂದು ಇ, ಎಬಿಯ ಮಧ್ಯಬಿಂದು ಎಫ್. ಮಧ್ಯರೇಖೆಗಳು ಎಡಿ, ಬಿಇ, ಸಿಎಫ್.

ವಿಸ್ತೀರ್ಣದ ದಾರಿ

ಇದಕ್ಕೆ ಬೇಕಾದ ಬಂಡವಾಳ ಒಂದೇ: ಒಂದೇ ಎತ್ತರದ ಎರಡು ತ್ರಿಭುಜಗಳ ವಿಸ್ತೀರ್ಣಗಳು ಅವುಗಳ ಪಾದಗಳ ಅನುಪಾತದಲ್ಲೇ ಇರುತ್ತವೆ. ಪಾದ ಗುಣಿಸು ಎತ್ತರ, ಅದರ ಅರ್ಧ ಎಂಬ ಸೂತ್ರದಿಂದಲೇ ಇದು ಬರುತ್ತದೆ. ಪಾದಗಳು ಸಮವಾದರೆ ವಿಸ್ತೀರ್ಣವೂ ಸಮ ಎಂಬುದನ್ನು ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಪುಸ್ತಕದಲ್ಲೇ ಸಾಧಿಸಿದ್ದಾನೆ. ಅಚ್ಚರಿಯೆಂದರೆ, ಮೂರು ಮಧ್ಯರೇಖೆಗಳು ಒಂದೆಡೆ ಸೇರುತ್ತವೆ ಎಂಬ ಮಾತು ಅವನ ಹದಿಮೂರು ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಒಳವೃತ್ತವನ್ನೂ ಪರಿವೃತ್ತವನ್ನೂ ರಚಿಸುವ ಕ್ರಮ ನಾಲ್ಕನೆಯ ಪುಸ್ತಕದಲ್ಲಿದೆ. ಮಧ್ಯರೇಖೆಗಳ ಕೇಂದ್ರದ ಸುದ್ದಿಯಿಲ್ಲ.

ಎಡಿ ಗೆರೆ ಎಳೆದೊಡನೆ ಜಮೀನು ಎರಡು ಸಮಪಾಲಾಗುತ್ತದೆ. ಬಿಡಿ ಮತ್ತು ಡಿಸಿ ಎರಡೂ 10 ಸರಪಳಿ, ಎತ್ತರ ಎರಡಕ್ಕೂ ಅದೇ 12. ತಲಾ 60 ಗುಂಟೆ. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ.

ಈಗ ಎಡಿ, ಬಿಇ ಎರಡನ್ನು ಮಾತ್ರ ಎಳೆಯಿರಿ. ಮೂರನೆಯದನ್ನು ಮುಟ್ಟಬೇಡಿ. ಎರಡು ಗೆರೆಗಳು ಸೇರುವ ಬಿಂದು ಜಿ. ಎಡಿಯ ಎಡಕ್ಕೆ ಇರುವ ಎಬಿಡಿ, ಬಲಕ್ಕೆ ಇರುವ ಎಸಿಡಿ ಎರಡೂ ಸಮ. ಕೆಳಗಿನ ಜಿಬಿಡಿ, ಜಿಸಿಡಿ ಕೂಡ ಸಮ, ಏಕೆಂದರೆ ಡಿ ಅಲ್ಲೂ ಮಧ್ಯಬಿಂದುವೇ. ಸಮವಾದದ್ದರಿಂದ ಸಮವಾದದ್ದನ್ನು ಕಳೆದರೆ ಉಳಿಯುವುದೂ ಸಮ: ಎಬಿಜಿ = ಎಸಿಜಿ. ಇದೇ ಮಾತನ್ನು ಬಿಇ ಗೆರೆಗೆ ಹೇಳಿದರೆ ಎಬಿಜಿ = ಬಿಸಿಜಿ. ಅಂದರೆ ಮೂರೂ ಸಮ, ತಲಾ 40 ಗುಂಟೆ.

ಇಲ್ಲಿಂದ ಎರಡು ಫಲಗಳು ತಾನಾಗಿ ಬೀಳುತ್ತವೆ. ಬಿಸಿಜಿ 40 ಗುಂಟೆಯಾದರೆ ಅದರ ಅರ್ಧ ಜಿಬಿಡಿ 20 ಗುಂಟೆ. ಎಬಿಜಿ 40, ಜಿಬಿಡಿ 20. ಎರಡಕ್ಕೂ ಪಾದ ಎಡಿ ಗೆರೆಯ ಮೇಲೆ, ತುದಿ ಬಿ ಮೂಲೆಯಲ್ಲಿ, ಎತ್ತರ ಒಂದೇ. ಆದ್ದರಿಂದ ಎಜಿ : ಜಿಡಿ = 40 : 20 = 2 : 1. ಇನ್ನು ಸಿಯಿಂದ ಜಿ ಮೂಲಕ ಗೆರೆ ಎಳೆದು ಎಬಿ ಬದುವಿಗೆ ಮುಟ್ಟಿಸಿ. ಮುಟ್ಟಿದ ಬಿಂದು ಎಬಿಯನ್ನು ಎಸಿಜಿ : ಬಿಸಿಜಿ ಅನುಪಾತದಲ್ಲಿ ಒಡೆಯಬೇಕು. ಅದು 40 : 40. ಹಾಗಾದರೆ ಅದು ಎಫ್ ಬಿಂದುವೇ. ಮೂರನೆಯ ಮಧ್ಯರೇಖೆಯೂ ಜಿ ಮೂಲಕ ಹೋಯಿತು.

ಮೂರನೆಯದನ್ನು ಮೊದಲೇ ಎಳೆಯಬೇಡಿ ಎಂದು ಒತ್ತಿ ಹೇಳಲು ಕಾರಣವಿದೆ. ಚಿತ್ರದಲ್ಲಿ ಮೂರನ್ನೂ ಒಂದೇ ಬಿಂದುವಿಗೆ ಸೇರಿಸಿ ಬರೆದುಬಿಟ್ಟು, ಆಮೇಲೆ ಆರು ತುಂಡುಗಳು ಸಮ ಎಂದು ತೋರಿಸಿ, ಆದ್ದರಿಂದ ಮೂರೂ ಸೇರುತ್ತವೆ ಎಂದು ಮುಗಿಸುವ ಉತ್ತರಗಳನ್ನು ಬೇಕಾದಷ್ಟು ನೋಡಿದ್ದೇನೆ. ಸಾಧಿಸಬೇಕಾದ್ದನ್ನೇ ಚಿತ್ರದಲ್ಲಿ ಒಪ್ಪಿಕೊಂಡಂತಾಯಿತು. ನೀವು ಯಾವುದೇ ದಾರಿ ಆರಿಸಿದರೂ ಈ ಒಂದು ಶಿಸ್ತು ಇರಲಿ: ಎರಡು ಗೆರೆ ಎಳೆದು ಬಿಂದು ಹಿಡಿಯುವುದು, ಮೂರನೆಯದನ್ನು ಅಲ್ಲಿಗೆ ಕರೆತರುವುದು.

ಈ ದಾರಿಯ ಇನ್ನೊಂದು ಲಾಭ, ಅದು ನೇರವಾಗಿ ಹೊಲಕ್ಕೆ ಇಳಿಯುತ್ತದೆ. ಅಕ್ಕ, ಅಣ್ಣ, ತಮ್ಮ ಮೂವರಿಗೆ ಜಮೀನು ಭಾಗವಾಗಬೇಕು ಎನ್ನಿ. ಜಿ ಬಿಂದುವಿನಿಂದ ಮೂರು ಮೂಲೆಗೂ ಬದು ಹಾಕಿದರೆ ತಲಾ ಒಂದೊಂದು ಎಕರೆ, ಒಂದು ಗುಂಟೆಯೂ ಹೆಚ್ಚುಕಡಿಮೆ ಇಲ್ಲ. ಲೆಕ್ಕ ಸರಿ, ಆದರೆ ಭಾಗ ಸರಿಯೇ? ನಾಲೆಗೆ ತಾಗುವುದು ಜಿಬಿಸಿ ಪಾಲು ಒಂದೇ. ಉಳಿದ ಇಬ್ಬರಿಗೆ ನಾಲೆಯ ದಡದಲ್ಲಿ ಒಂದು ಅಡಿಯೂ ಸಿಗದು; ಅವರು ಪಕ್ಕದ ಪಾಲಿನ ಮೇಲೆ ಕಾಲುವೆ ತೋಡಬೇಕು, ಅದು ಜಗಳದ ಬೀಜ. ನಾಲೆ ನೀರೇ ಮುಖ್ಯವಾದರೆ ಬಿಸಿ ಬದುವನ್ನು 220 ಅಡಿಯಂತೆ ಮೂರು ಪಾಲು ಮಾಡಿ, ಆ ಎರಡು ಗುರುತುಗಳಿಂದ ಎ ಮೂಲೆಗೆ ಗೆರೆ ಎಳೆಯುವುದು ಲೇಸು. 220 × 396 ÷ 2 = 43,560 ಚದರ ಅಡಿ, ಆಗಲೂ ತಲಾ ಒಂದು ಎಕರೆಯೇ, ಮೂವರಿಗೂ ನಾಲೆಯ ದಡ ಸಮ. ಕೊರತೆಯೆಂದರೆ ಮೂರೂ ಪಾಲು ಎ ಮೂಲೆಯಲ್ಲಿ ಸೂಜಿಯಂತೆ ಚೂಪಾಗುತ್ತವೆ, ಅಲ್ಲಿ ಟ್ರ್ಯಾಕ್ಟರ್ ತಿರುಗದು. ಜಮೀನಿನ ಒಳಗೆ ಒಂದೇ ಬೋರ್‌ವೆಲ್ ಇದ್ದು ಮೂವರೂ ಅದನ್ನು ಹಂಚಿಕೊಳ್ಳಬೇಕಾದರೆ ಮೊದಲಿನ ಕ್ರಮಕ್ಕೇ ನನ್ನ ಓಟು. ಬೋರ್‌ವೆಲ್ ಜಿ ಬಿಂದುವಿನಲ್ಲಿದ್ದರೆ ಅದು ಮೂರು ಪಾಲಿಗೂ ಮೂಲೆಯಾಗುತ್ತದೆ, ಯಾರೂ ಯಾರ ಬದುವನ್ನೂ ತುಳಿಯದೆ ಪೈಪು ಎಳೆಯಬಹುದು. ಇಬ್ಬರಿಗೇ ಭಾಗವಾಗುವುದಾದರೆ ಯೋಚನೆಯೇ ಬೇಡ: ಎಡಿ ಮಧ್ಯರೇಖೆ. ಇಬ್ಬರಿಗೂ ಒಂದೂವರೆ ಎಕರೆ, ಇಬ್ಬರಿಗೂ 330 ಅಡಿ ನಾಲೆಯ ದಡ.

ಜಿ ಬಿಂದುವನ್ನು ಹೊಲದಲ್ಲಿ ಗುರುತಿಸಲು ಮೂರು ಹಗ್ಗ ಬೇಕಿಲ್ಲ. ಡಿಯಲ್ಲಿ ಗೂಟ ಹೊಡೆದು, ಎ ಕಡೆಗೆ ಹಗ್ಗ ಹಿಡಿದು, ಮೂರನೇ ಒಂದು ಭಾಗ ನಡೆದರೆ ಅದೇ ಜಿ. ಅಲ್ಲಿಂದ ಬಿಸಿ ಬದುವಿಗೆ ನೇರ ದೂರವೂ ಎತ್ತರದ ಮೂರನೇ ಒಂದು ಭಾಗ, 132 ಅಡಿ.

ವಿಸ್ತೀರ್ಣದ ದಾರಿಗೆ ಒಂದು ಮಿತಿ ಇದೆ. ಮಧ್ಯರೇಖೆ ಎಷ್ಟು ಉದ್ದ ಎಂಬ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ. ಪಾಲಿನ ಲೆಕ್ಕ ಅದಕ್ಕೆ ಗೊತ್ತು, ಹಗ್ಗದ ಉದ್ದ ಗೊತ್ತಿಲ್ಲ.

ಸಮರೂಪತೆಯ ದಾರಿ

ಪರೀಕ್ಷೆಯಲ್ಲಿ ಅಂಕ ತರುವ ದಾರಿ ಇದು. ಎರಡು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ಗೆರೆ ಮೂರನೇ ಬಾಹುವಿಗೆ ಸಮಾಂತರ, ಉದ್ದದಲ್ಲಿ ಅದರ ಅರ್ಧ. ಈ ಮಧ್ಯಬಿಂದು ಪ್ರಮೇಯ ಗೊತ್ತಿದ್ದರೆ ಸಾಕು.

ಬಿಇ, ಸಿಎಫ್ ಎಳೆದು ಅವು ಸೇರುವ ಬಿಂದುವಿಗೆ ಜಿ ಎನ್ನಿ. ಇಎಫ್ ಸೇರಿಸಿ. ಇಎಫ್, ಬಿಸಿಗೆ ಸಮಾಂತರ, ಉದ್ದ ಅದರ ಅರ್ಧ. ಪರ್ಯಾಯ ಕೋನಗಳು ಸಮವಾದ್ದರಿಂದ ಜಿಇಎಫ್ ಮತ್ತು ಜಿಬಿಸಿ ಸಮರೂಪ ತ್ರಿಭುಜಗಳು, ಬಾಹುಗಳ ಅನುಪಾತ 1 : 2. ಆದ್ದರಿಂದ ಬಿಜಿ : ಜಿಇ = 2 : 1, ಸಿಜಿ : ಜಿಎಫ್ = 2 : 1. ಇದೇ ವಾದವನ್ನು ಎಡಿ ಮತ್ತು ಬಿಇ ಜೋಡಿಗೆ ಹೂಡಿದರೆ ಎಡಿ ಕೂಡ ಬಿಇಯನ್ನು ಬಿಯಿಂದ 2 : 1ರಲ್ಲೇ ಕತ್ತರಿಸಬೇಕು. ಒಂದು ಗೆರೆಯ ಮೇಲೆ ಅಂಥ ಬಿಂದು ಒಂದೇ. ಹಾಗಾಗಿ ಅದು ಜಿ.

ವಿಸ್ತೀರ್ಣದ ದಾರಿಯಲ್ಲಿ ಸಂಗಮ, ಅನುಪಾತ ಎರಡೂ ಜೊತೆಜೊತೆಗೆ ಬಂದವು. ಇಲ್ಲಿ ಅನುಪಾತ ಮೊದಲು, ಸಂಗಮ ಅದರ ಫಲ. ಆ ಕೊನೆಯ ಎರಡು ಸಾಲನ್ನು ಬರೆಯದೆ ಬಿಟ್ಟರೆ ಸಾಧನೆ ಅರ್ಧವಾಗುತ್ತದೆ. ಮೌಲ್ಯಮಾಪನ ಮಾಡುವವರು ಹಂತ ಹಂತವಾಗಿ ಅಂಕ ಕೊಡುವುದರಿಂದ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬಿಡಿಸಿ ಬರೆಯಲು ಈ ದಾರಿಯೇ ಅನುಕೂಲ. ಪ್ರತಿ ಸಾಲಿಗೂ ಒಂದು ಹೆಸರಿರುವ ಕಾರಣವಿದೆ. ಆದರೆ ಮೊದಲ ಸಲ ಕೇಳುವ ಮಗುವಿಗೆ ಇದು ಕೊಂಚ ಒಣಗಿದ ವಾದ. ಇಎಫ್ ಗೆರೆಯನ್ನು ಯಾಕೆ ಎಳೆದೆವು ಎಂಬುದಕ್ಕೆ, ಎಳೆದರೆ ಕೆಲಸವಾಗುತ್ತದೆ ಎಂಬುದರ ಹೊರತು ಬೇರೆ ಉತ್ತರ ಕೊಡಲು ನನಗಾಗಿಲ್ಲ.

ನಿರ್ದೇಶಾಂಕ, ಅದರ ಬೆನ್ನಿಗೆ ಸದಿಶ

ನಮ್ಮ ಜಮೀನಿನ ಬಿ ಮೂಲೆಯನ್ನು ಮೂಲಬಿಂದುವಾಗಿ ಇಡಿ. ಬಿ (0, 0), ಸಿ (20, 0), ಎ (8, 12), ಎಲ್ಲ ಸರಪಳಿಯಲ್ಲಿ. ಡಿ (10, 0), ಇ (14, 6), ಎಫ್ (4, 6). ಮೂರು ಶೃಂಗಗಳ ನಿರ್ದೇಶಾಂಕಗಳನ್ನು ಕೂಡಿ ಮೂರರಿಂದ ಭಾಗಿಸಿದರೆ ಜಿ (28/3, 4). ಎಯಿಂದ ಡಿಗೆ ಮೂರನೇ ಎರಡು ಭಾಗ ನಡೆದು ನೋಡಿ: 8 + 4/3 = 28/3, 12 − 8 = 4. ಬಿಯಿಂದ ಇಗೆ: 14 × 2/3 = 28/3, 6 × 2/3 = 4. ಸಿಯಿಂದ ಎಫ್‌ಗೆ: 20 − 32/3 = 28/3, ಮತ್ತೆ 4. ಮೂರು ಕಡೆಯಿಂದ ಹೊರಟರೂ ಅದೇ ಬಿಂದು.

ಇಲ್ಲಿ ಚಿತ್ರವೇ ಬೇಕಿಲ್ಲ. ಅದೇ ಇದರ ಬಲ, ಅದೇ ಇದರ ಕೊರತೆ. ಅಂಕಿಗಳ ಬದಲು ಅಕ್ಷರಗಳನ್ನಿಟ್ಟು ಗೆರೆಯನ್ನು ಕೊಟ್ಟ ಅನುಪಾತದಲ್ಲಿ ಒಡೆಯುವ ಬಿಂದುವನ್ನು ಕೊಡುವ ಭಾಗಪ್ರಮಾಣ ಸೂತ್ರ ಹಚ್ಚಿದರೆ ಯಾವ ತ್ರಿಭುಜಕ್ಕೂ ಸಾಧನೆ ಪೂರ್ಣ. ಅಂಕಿಯ ಲೆಕ್ಕದಲ್ಲಿ ತಪ್ಪು ನುಸುಳಿದರೂ ಪತ್ತೆ ಸುಲಭ, ಏಕೆಂದರೆ ಮೂರು ದಿಕ್ಕಿನಿಂದ ಪರೀಕ್ಷಿಸಬಹುದು. ಆದರೆ ಉತ್ತರ ಬಂದ ಮೇಲೂ ಯಾಕೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಹತ್ತನೇ ತರಗತಿಯಲ್ಲಿ ಈ ಸೂತ್ರವನ್ನು ಮಾತ್ರ ನೆನಪಿಟ್ಟುಕೊಂಡು ಬಂದ ಮಕ್ಕಳಿಗೆ ನಾನು ಮತ್ತೆ ವಿಸ್ತೀರ್ಣದ ಚಿತ್ರ ಬರೆಸುತ್ತೇನೆ.

ಸದಿಶ ಈ ಲೆಕ್ಕವನ್ನೇ ಒಂದು ಸಾಲಿಗೆ ಇಳಿಸುತ್ತದೆ. ಎ, ಬಿ, ಸಿಗಳ ಸ್ಥಾನಸದಿಶಗಳನ್ನು (ಮೂಲಬಿಂದುವಿನಿಂದ ಆಯಾ ಶೃಂಗಕ್ಕೆ ಎಳೆದ ಸದಿಶಗಳನ್ನು) ಕೂಡಿ ಮೂರರಿಂದ ಭಾಗಿಸಿ. ಆ ಮೊತ್ತವನ್ನು ಎ ಒಂದು ಕಡೆ, ಬಿ ಮತ್ತು ಸಿ ಇನ್ನೊಂದು ಕಡೆ ಎಂದು ಗುಂಪು ಮಾಡಿದರೆ ಎಡಿಯ ಮೇಲಿನ 2 : 1 ಬಿಂದು, ಬಿಯನ್ನು ಬೇರೆ ಇಟ್ಟರೆ ಬಿಇಯ ಮೇಲಿನದು, ಸಿಯನ್ನು ಬೇರೆ ಇಟ್ಟರೆ ಸಿಎಫ್ ಮೇಲಿನದು. ಕೂಡುವ ಕ್ರಮ ಬದಲಾದರೆ ಮೊತ್ತ ಬದಲಾಗದು, ಆದ್ದರಿಂದ ಬಿಂದುವೂ ಬದಲಾಗದು. ಮೂರು ಶೃಂಗಗಳಿಗೆ ಸಮಾನ ಹಕ್ಕಿರುವ ಬಿಂದು ಇದು ಎಂಬುದು ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಸದಿಶಕ್ಕೆ ಇನ್ನೊಂದು ಹೆಚ್ಚುಗಾರಿಕೆ. ನಾಲ್ಕು ಮುಖಗಳ ಘನಾಕೃತಿ, ಚತುರ್ಮುಖಿಗೆ ಹೋದರೆ ಅದೇ ವಾಕ್ಯ ನಾಲ್ಕು ಶೃಂಗಗಳಿಗೆ ಹಿಗ್ಗುತ್ತದೆ. ಪ್ರತಿ ಶೃಂಗದಿಂದ ಎದುರು ಮುಖದ ಗುರುತ್ವಕೇಂದ್ರಕ್ಕೆ, ಎಂದರೆ ಆ ಮುಖದ ಮಧ್ಯರೇಖೆಗಳು ಸೇರುವ ಬಿಂದುವಿಗೆ, ಎಳೆದ ನಾಲ್ಕು ಗೆರೆಗಳೂ ಒಂದೆಡೆ ಸೇರುತ್ತವೆ, ಅನುಪಾತ 3 : 1. ಇಟಲಿಯ ಕಮಾಂಡಿನೊ ಹದಿನಾರನೇ ಶತಮಾನದಲ್ಲಿ ಬರೆದ ಈ ಫಲಿತಾಂಶವನ್ನು ಪಿಯುಸಿ ಹುಡುಗಿಯೊಬ್ಬಳು ಎರಡು ಸಾಲಿನಲ್ಲಿ ಸಾಧಿಸಬಹುದು. ವಿಸ್ತೀರ್ಣದ ದಾರಿಯನ್ನೂ ಘನಫಲಕ್ಕೆ ಏರಿಸಿ ಇದನ್ನು ಮಾಡಬಹುದು, ಆದರೆ ಕಾಗದದ ಮೇಲೆ ಆ ಚಿತ್ರ ಬರೆಯುವುದೇ ಒಂದು ಸಾಹಸ.

ಸಮತೂಕದ ದಾರಿ

ಮಧ್ಯರೇಖೆಗಳ ಕೇಂದ್ರಕ್ಕೆ ಗುರುತ್ವಕೇಂದ್ರ ಎಂಬ ಹೆಸರಿರುವುದು ಸುಮ್ಮನೆ ಅಲ್ಲ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಆರ್ಕಿಮಿಡೀಸ್ ಸಮತಲಗಳ ಸಮತೋಲನದ ಬಗ್ಗೆ ಬರೆದ ಗ್ರಂಥದಲ್ಲಿ, ತ್ರಿಭುಜದ ಹಲಗೆ ತೂಗಿ ನಿಲ್ಲುವ ಬಿಂದು ಮಧ್ಯರೇಖೆಗಳು ಕೂಡುವ ಜಾಗವೇ ಎಂದು ಸಾಧಿಸಿದ. ಅವನ ಸಾಧನೆ ತುಂಬ ಕಟ್ಟುನಿಟ್ಟಿನದು. ಅದರ ಹಿಂದಿನ ವಿಚಾರವನ್ನು ಹೀಗೆ ಹೇಳಬಹುದು. ತ್ರಿಭುಜವನ್ನು ಬಿಸಿಗೆ ಸಮಾಂತರವಾಗಿ ತೆಳು ಪಟ್ಟಿಗಳಾಗಿ ಕತ್ತರಿಸಿದರೆ ಪ್ರತಿ ಪಟ್ಟಿಯೂ ತನ್ನ ನಡುವಿನಲ್ಲಿ ತೂಗುತ್ತದೆ. ಆ ನಡುಗಳೆಲ್ಲ ಎಡಿ ಗೆರೆಯ ಮೇಲಿವೆ. ಹಾಗಾದರೆ ಇಡೀ ಹಲಗೆ ತೂಗುವ ಬಿಂದುವೂ ಎಡಿ ಮೇಲೆಯೇ ಇರಬೇಕು. ಸಿಎಗೆ ಸಮಾಂತರವಾಗಿ ಕತ್ತರಿಸಿದರೆ ಅದು ಬಿಇ ಮೇಲಿರಬೇಕು, ಎಬಿಗೆ ಸಮಾಂತರವಾಗಿ ಕತ್ತರಿಸಿದರೆ ಸಿಎಫ್ ಮೇಲಿರಬೇಕು. ತೂಗುವ ಬಿಂದು ಒಂದೇ ಆದ್ದರಿಂದ ಮೂರೂ ಅಲ್ಲಿ ಸೇರಲೇಬೇಕು.

ಇದನ್ನು ತರಗತಿಯಲ್ಲಿ ಮಾಡಿ ತೋರಿಸುವುದಕ್ಕೆ ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟು, ಸೂಜಿ, ದಾರ, ದಾರಕ್ಕೆ ಕಟ್ಟಲು ಒಂದು ನಟ್ಟು ಸಾಕು. ಒಂದು ಮೂಲೆಯಿಂದ ರಟ್ಟನ್ನು ತೂಗುಬಿಟ್ಟು ದಾರ ಬೀಳುವ ಗೆರೆ ಗುರುತಿಸಿದರೆ ಅದು ಎದುರಿನ ಬಾಹುವನ್ನು ನಡುವಲ್ಲೇ ಮುಟ್ಟುತ್ತದೆ. ಮಕ್ಕಳು ಸ್ಕೇಲ್ ಹಿಡಿದು ಅಳೆದು ನೋಡುವ ಗಳಿಗೆ ನನಗೆ ಬಹಳ ಇಷ್ಟ.

ಒಲಿಂಪಿಯಾಡ್‌ಗೆ ತಯಾರಾಗುವವರು ಇದರ ಚುಟುಕು ರೂಪ ಬಳಸುತ್ತಾರೆ. ಮೂರು ಮೂಲೆಗೂ ಒಂದೊಂದು ತೂಕ ಇಡಿ. ಬಿ, ಸಿ ಎರಡರ ತೂಕ ಸೇರಿ ಡಿಯಲ್ಲಿ 2. ಎಯಲ್ಲಿ 1. ಸನ್ನೆಗೋಲಿನ ನಿಯಮದಂತೆ (ತೂಕ ಎರಡರಷ್ಟಿರುವ ಕಡೆ ದೂರ ಅರ್ಧ) ಎಜಿ : ಜಿಡಿ = 2 : 1. ಬಾಹುಗಳನ್ನು ನಡುವಿನಲ್ಲಲ್ಲದೆ 2 : 3 ಹೀಗೆ ಬೇರೆ ಅನುಪಾತದಲ್ಲಿ ಒಡೆದ ಪ್ರಶ್ನೆಗಳು ಬಂದಾಗ ತೂಕ ಬದಲಿಸಿದರೆ ಸಾಕು. ವೇಗದಲ್ಲಿ ಈ ದಾರಿಯನ್ನು ಮೀರಿಸುವುದು ಯಾವುದೂ ಇಲ್ಲ.

ಎಚ್ಚರಿಕೆಯೂ ಬೇಕು. ಮೂಲೆಗಳಲ್ಲಿ ಸಮತೂಕದ ಮೂರು ಗುಂಡು ಇಟ್ಟರೂ, ಇಡೀ ರಟ್ಟು ತೂಗಿದರೂ ಜಿ ಒಂದೇ. ಆದರೆ ತಂತಿ ಬಗ್ಗಿಸಿ ತ್ರಿಭುಜ ಮಾಡಿದರೆ ಅದು ತೂಗುವ ಬಿಂದು ಬೇರೆ. ಸಮಬಾಹು ತ್ರಿಭುಜದಲ್ಲಿ ಮಾತ್ರ ಜಿಗೆ ಬಂದು ಸೇರುತ್ತದೆ. ಚತುರ್ಭುಜಕ್ಕೆ ಹೋದರೆ ಗುಂಡಿನ ಬಿಂದು, ರಟ್ಟಿನ ಬಿಂದು ಇವೂ ಸಾಮಾನ್ಯವಾಗಿ ಬೇರೆ ಬೇರೆ. ತ್ರಿಭುಜದಲ್ಲಿ ಸಿಕ್ಕ ಸೌಲಭ್ಯವನ್ನು ಎಲ್ಲೆಡೆಗೂ ಹಿಗ್ಗಿಸಬಾರದು.

ಇನ್ನೆರಡು, ಚುಟುಕಾಗಿ

1678ರಲ್ಲಿ ಇಟಲಿಯ ಜೊವಾನ್ನಿ ಚೇವ ಪ್ರಕಟಿಸಿದ, ಅದಕ್ಕೂ ಮುಂಚೆ ಹನ್ನೊಂದನೇ ಶತಮಾನದಲ್ಲಿ ಸ್ಪೇನಿನ ಸರಗೋಸದ ದೊರೆ ಅಲ್ ಮುಅತಮನ್ ಕಂಡುಕೊಂಡಿದ್ದ ಪ್ರಮೇಯವೊಂದಿದೆ: ಮೂರು ಬಾಹುಗಳ ಒಡೆತದ ಅನುಪಾತಗಳ ಗುಣಲಬ್ಧ 1 ಆದರೆ ಮೂರು ಗೆರೆಗಳು ಒಂದೆಡೆ ಸೇರುತ್ತವೆ. ಮಧ್ಯರೇಖೆಗೆ ಪ್ರತಿ ಅನುಪಾತವೂ 1, ಗುಣಲಬ್ಧವೂ 1, ಕೆಲಸ ಮುಗಿಯಿತು. ಕೋನಾರ್ಧಕಗಳ ಸಂಗಮವೂ, ಶೃಂಗಗಳಿಂದ ಎದುರು ಬಾಹುಗಳಿಗೆ ಎಳೆದ ಲಂಬಗಳ ಸಂಗಮವೂ ಇದೇ ಬಲೆಯಲ್ಲಿ ಸಿಗುತ್ತದೆ. ಆದರೆ 2 : 1 ಇದರಿಂದ ನೇರವಾಗಿ ಬರುವುದಿಲ್ಲ. ಬರೀ ಮಧ್ಯರೇಖೆಗಾಗಿ ಇದನ್ನು ಕಲಿಯುವುದು ದುಬಾರಿ ಬಾಬತ್ತು.

ಎರಡನೆಯದು ಕಾಲೇಜಿನವರಿಗೆ. ಯಾವ ತ್ರಿಭುಜವನ್ನೂ ಎಳೆದು ಬಾಗಿಸಿ ಸಮಬಾಹು ತ್ರಿಭುಜವಾಗಿ ಮಾಡಬಹುದು. ಹಾಗೆ ಮಾಡುವಾಗ ಮಧ್ಯಬಿಂದು ಮಧ್ಯಬಿಂದುವಾಗಿಯೇ ಉಳಿಯುತ್ತದೆ, ಒಂದೇ ಗೆರೆಯ ಮೇಲಿನ ಅನುಪಾತ ಕೆಡುವುದಿಲ್ಲ, ವಿಸ್ತೀರ್ಣಗಳ ಅನುಪಾತವೂ ಕೆಡುವುದಿಲ್ಲ. ಸಮಬಾಹುವಿನಲ್ಲಿ ಸಂಗಮ ಕಣ್ಣಿಗೇ ಕಾಣುವುದರಿಂದ ಎಲ್ಲ ತ್ರಿಭುಜಕ್ಕೂ ಸಾಧನೆಯಾಯಿತು. ಸೊಗಸಾದ ವಾದ. ಆದರೆ ಲಂಬಕೋನ ಈ ಎಳೆದಾಟದಲ್ಲಿ ಉಳಿಯುವುದಿಲ್ಲ. ಸಮಬಾಹುವಿನಲ್ಲಿ ಲಂಬಗಳೂ ಅಲ್ಲೇ ಸೇರುತ್ತವಲ್ಲ ಎಂದು ಅದೇ ವಾದವನ್ನು ಲಂಬಗಳಿಗೆ ಹಚ್ಚಿದರೆ ಅದು ನಿಲ್ಲದು.

ಮಧ್ಯರೇಖೆಯೇ ಬೇಕೇ, ಬೇರೆ ಗೆರೆ ಬೇಕೇ?

ಸಾಧನೆಗಿಂತ ಮೊದಲು ಬರುವ ಗೊಂದಲ ಇದು. ಪ್ರಶ್ನೆ ಏನನ್ನು ಸಮ ಮಾಡು ಎನ್ನುತ್ತದೆ ನೋಡಿ. ವಿಸ್ತೀರ್ಣ ಸಮವಾಗಬೇಕಾದರೆ ಮಧ್ಯರೇಖೆ. ಎರಡು ಬಾಹುಗಳಿಂದ ದೂರ ಸಮವಾಗಬೇಕಾದರೆ ಕೋನಾರ್ಧಕ. ಎರಡು ಮೂಲೆಗಳಿಂದ ದೂರ ಸಮವಾಗಬೇಕಾದರೆ ಲಂಬಾರ್ಧಕ. ಸಮದ್ವಿಬಾಹು ತ್ರಿಭುಜದ ತುದಿಯಿಂದ ಇಳಿದ ಮಧ್ಯರೇಖೆ ಈ ಎಲ್ಲ ಕೆಲಸವನ್ನೂ ಒಂದೇ ಗೆರೆಯಲ್ಲಿ ಮಾಡುತ್ತದೆ. ಪಠ್ಯದ ಚಿತ್ರಗಳು ಹೆಚ್ಚಾಗಿ ಸಮದ್ವಿಬಾಹುವಿನಂತೆ ಇರುವುದರಿಂದಲೇ ಮಕ್ಕಳು ಇವನ್ನು ಕಲಸಿಕೊಳ್ಳುತ್ತಾರೆ. ಓರೆಯಾದ ತ್ರಿಭುಜ ಬರೆದು ಕಲಿಯಿರಿ.

ಮೈಸೂರಿನಲ್ಲಿ ಒಂಟಿಕೊಪ್ಪಲು, ಚಾಮುಂಡಿಪುರಂ, ಸಿದ್ಧಾರ್ಥನಗರ ಮೂರು ಕಡೆಯ ಗೆಳೆಯರು ಸೇರುವ ಜಾಗ ಹುಡುಕುತ್ತಿದ್ದಾರೆ ಎನ್ನಿ, ರಸ್ತೆಯ ತಿರುವುಗಳನ್ನು ಸದ್ಯ ಮರೆಯೋಣ. ಮೂವರಿಗೂ ದೂರ ಒಂದೇ ಆಗಬೇಕೆಂದರೆ ಪರಿಕೇಂದ್ರ. ಆದರೆ ಮೂರು ಜಾಗಗಳು ವಿಶಾಲಕೋನ ತ್ರಿಭುಜವಾದರೆ ಪರಿಕೇಂದ್ರ ಹೊರಗೆಲ್ಲೋ ಬಿದ್ದು, ಮೂವರೂ ಸಮವಾಗಿ ಬಹಳ ದೂರ ಹೋಗಬೇಕಾಗುತ್ತದೆ. ಗುರುತ್ವಕೇಂದ್ರ ಯಾವತ್ತೂ ತ್ರಿಭುಜದ ಒಳಗೇ ಇರುತ್ತದೆ. ಅಲ್ಲಿ ದೂರಗಳು ಸಮವಲ್ಲ, ಆದರೆ ದೂರಗಳ ವರ್ಗಗಳ ಮೊತ್ತ ಬೇರೆಲ್ಲ ಬಿಂದುವಿಗಿಂತ ಕಡಿಮೆ. ಎಲ್ಲರಿಗಿಂತ ದೂರದವನ ಕಷ್ಟಕ್ಕೆ ಹೆಚ್ಚು ಬೆಲೆ ಕೊಡುವ ಲೆಕ್ಕ ಅದು. ಪ್ರತಿ ತ್ರಿಭುಜದಲ್ಲೂ ಪರಿಕೇಂದ್ರ, ಗುರುತ್ವಕೇಂದ್ರ, ಲಂಬಗಳು ಸೇರುವ ಲಂಬಕೇಂದ್ರ ಒಂದೇ ಗೆರೆಯಲ್ಲಿವೆ ಎಂದು ಗಣಿತಜ್ಞ ಆಯ್ಲರ್ ತೋರಿಸಿದ. ಮೂರೂ ಬೇರೆ ಬೇರೆ ಇದ್ದಾಗ ಗುರುತ್ವಕೇಂದ್ರ ನಡುವೆ, ಲಂಬಕೇಂದ್ರದಿಂದ ಅದರ ದೂರ ಪರಿಕೇಂದ್ರದಿಂದ ಇರುವುದರ ಎರಡರಷ್ಟು. ಇಲ್ಲೂ 2 : 1.

ಉದ್ದ ಬೇಕಾದಾಗ

ಇದುವರೆಗಿನ ದಾರಿಗಳಲ್ಲಿ ಉದ್ದವನ್ನು ಕೊಡುವುದು ನಿರ್ದೇಶಾಂಕ ಮತ್ತು ಸದಿಶ. ಬರೀ ಬಾಹುಗಳ ಅಳತೆ ಇದ್ದರೆ ಅಪೊಲೋನಿಯಸ್ ಪ್ರಮೇಯ: ಎಬಿ² + ಎಸಿ² = 2(ಎಡಿ² + ಬಿಡಿ²). ನಮ್ಮ ಜಮೀನಿನಲ್ಲಿ ಎಬಿ² = 208, ಎಸಿ² = 288, ಬಿಡಿ² = 100. ಮೊತ್ತ 496, ಅರ್ಧ 248, ಅದರಿಂದ 100 ಕಳೆದರೆ ಎಡಿ² = 148. ಎಡಿ ಸುಮಾರು 12.17 ಸರಪಳಿ, ಅಡಿಯಲ್ಲಿ 401ಕ್ಕೆ ತುಸು ಮೇಲೆ. ಹೀಗೇ ಬಿಇ² = 232, ಸಿಎಫ್² = 292. ಅತಿ ಉದ್ದದ ಬಾಹು ಬಿಸಿಗೆ ಬರುವ ಮಧ್ಯರೇಖೆ ಅತಿ ಗಿಡ್ಡ, ಅತಿ ಗಿಡ್ಡ ಬಾಹು ಎಬಿಗೆ ಬರುವುದು ಅತಿ ಉದ್ದ. ಇದು ಯಾವಾಗಲೂ ಹೀಗೆಯೇ. ಲೆಕ್ಕ ಸರಿಯೇ ಎಂದು ನೋಡಲು ಸುಲಭದ ತಾಳೆ ಇದೆ: ಮಧ್ಯರೇಖೆಗಳ ವರ್ಗಗಳ ಮೊತ್ತ ಬಾಹುಗಳ ವರ್ಗಗಳ ಮೊತ್ತದ ಮುಕ್ಕಾಲು. 148 + 232 + 292 = 672. 400 + 288 + 208 = 896, ಮುಕ್ಕಾಲು 672.

ಮೂರು ಮಧ್ಯರೇಖೆಗಳ ಉದ್ದ ಮಾತ್ರ ಕೊಟ್ಟು ತ್ರಿಭುಜ ರಚಿಸಿ ಎಂಬ ಪ್ರಶ್ನೆಗೆ ಸೂತ್ರಗಳ ಹಿಂದೆ ಓಡಬೇಡಿ. ಇಲ್ಲಿ ಶುದ್ಧ ರಚನೆಯೇ ಗೆಲ್ಲುತ್ತದೆ. ಎಡಿಯನ್ನು ಡಿ ದಾಟಿಸಿ, ಜಿಡಿಯಷ್ಟೇ ಮುಂದೆ ಕೆ ಬಿಂದುವಿಗೆ ಒಯ್ಯಿರಿ. ಡಿ ಈಗ ಬಿಸಿಗೂ ಜಿಕೆಗೂ ಮಧ್ಯಬಿಂದು, ಆದ್ದರಿಂದ ಬಿಜಿಸಿಕೆ ಸಮಾಂತರ ಚತುರ್ಭುಜ, ಬಿಕೆ = ಜಿಸಿ. ಹಾಗಾಗಿ ಜಿಬಿಕೆ ತ್ರಿಭುಜದ ಮೂರು ಬಾಹುಗಳೂ ಮೂರು ಮಧ್ಯರೇಖೆಗಳ ಮೂರನೇ ಎರಡು ಭಾಗಗಳು. ರಚಿಸುವಾಗ ಈ ತ್ರಿಭುಜವನ್ನು ಮೊದಲು ಬರೆದು, ಜಿಕೆಯ ನಡುವೆ ಡಿ ಗುರುತಿಸಿ, ಬಿಡಿಯನ್ನು ಅಷ್ಟೇ ಮುಂದೆ ಬೆಳೆಸಿದರೆ ಸಿ. ಕೆಜಿಯನ್ನು ಜಿ ದಾಟಿಸಿ ಅಷ್ಟೇ ಬೆಳೆಸಿದರೆ ಎ.

ವಿಸ್ತೀರ್ಣವೂ ಇದರೊಳಗೇ ಇದೆ. ಬಿಡಿಕೆ ಮತ್ತು ಸಿಡಿಜಿ ಸರ್ವಸಮ, ತಲಾ 20 ಗುಂಟೆ. ಜಿಬಿಡಿಯ 20 ಸೇರಿದರೆ ಜಿಬಿಕೆ 40 ಗುಂಟೆ. ಬಾಹುಗಳನ್ನು ಒಂದೂವರೆ ಪಟ್ಟು ಹಿಗ್ಗಿಸಿ ಪೂರ್ಣ ಮಧ್ಯರೇಖೆಗಳಿಂದಲೇ ತ್ರಿಭುಜ ಮಾಡಿದರೆ ವಿಸ್ತೀರ್ಣ ಎರಡೂಕಾಲು ಪಟ್ಟು, 90 ಗುಂಟೆ. 120ರ ಮುಕ್ಕಾಲು. ನಂಬಿಕೆ ಬಾರದವರು 148, 232, 292ರ ವರ್ಗಮೂಲಗಳನ್ನು ಬಾಹುಗಳಾಗಿಟ್ಟು ಮೂರು ಬಾಹುಗಳಿಂದಲೇ ವಿಸ್ತೀರ್ಣ ಕೊಡುವ ಹೆರಾನ್ ಸೂತ್ರ ಹಚ್ಚಿ ನೋಡಲಿ. ಮೂರೂ ವರ್ಗಮೂಲಗಳು ಕರಗಿ, ಸರಿಯಾಗಿ 90 ಬರುತ್ತದೆ.